ಸ್ಯಾಕ್ಸೊಫೋನ್, ಕ್ಲಾರಿನೆಟ್, ಫ್ಲೂಟ್ ಕೀಗಳು ಕಪ್ಪಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರಾವಳಿಯಲ್ಲಿ ಮಳೆಗಾಲ ಶುರುವಾದರೆ ಸಾಕು, ಇದೇ ಪ್ರಶ್ನೆಗಳು. ಕೀ ಕಪ್ಪಾಗಿದೆ, ಹಸಿರು ಬಂದಿದೆ, ಬ್ರಾಸೊ ಪಾಲಿಶ್ ಹಾಕಿ ತಿಕ್ಕಲಾ? ತಿಕ್ಕಬೇಡಿ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಅನ್ನೋದನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಇದು ಕೀ (ತೂತು ಮುಚ್ಚಿ ತೆರೆಯಲು ಬೆರಳಲ್ಲಿ ಒತ್ತುವ ಲೋಹದ ಭಾಗ) ಇರುವ ವಾದ್ಯಗಳಿಗೆ ಮಾತ್ರ. ನಾಗಸ್ವರ, ಶಹನಾಯಿ, ಬಿದಿರಿನ ಕೊಳಲಿನವರಿಗೆ ಈ ತಲೆನೋವೇ ಇಲ್ಲ.

ಕೀ ಕಪ್ಪಾದರೆ ನಾದ ಕೆಡುತ್ತಾ?

ಇಲ್ಲ. ಕಪ್ಪು ಅನ್ನೋದು ಲೋಹದ ಮೇಲಿನ ತೀರಾ ತೆಳುವಾದ ಒಂದು ಪದರ ಅಷ್ಟೇ. ಪ್ಯಾಡ್, ಅಂದರೆ ಕೀಯ ಅಡಿಯ ಮೆತ್ತನೆ ಬಿಲ್ಲೆ, ಗಾಳಿ ಸೋರದ ಹಾಗೆ ತೂತು ಮುಚ್ಚಬೇಕು, ಕೀ ಸಲೀಸಾಗಿ ಎದ್ದು ಬೀಳಬೇಕು. ಇವೆರಡು ಸರಿ ಇದ್ದರೆ ವಾದ್ಯ ಸರಿ ಇದೆ ಎಂದೇ ಅರ್ಥ, ನೋಡೋಕೆ ಅಜ್ಜನ ಕಾಲದ್ದರ ಹಾಗೆ ಕಂಡರೂ. ಫಳಫಳ ಹೊಳೆಯುವ ವಾದ್ಯದ ಪ್ಯಾಡ್ ಸೋರುತ್ತಿದ್ದರೆ ಕೆಳಗಿನ ಸ್ವರಗಳೇ ಬರುವುದಿಲ್ಲ. ನಾನು ನೋಡಿದ ಮಟ್ಟಿಗೆ ಕಪ್ಪಿನಿಂದ ಹಾಳಾದ ವಾದ್ಯಗಳಿಗಿಂತ ಕಪ್ಪು ತೆಗೆಯಲು ಹೋಗಿ ಹಾಳಾದವೇ ಜಾಸ್ತಿ.

ಸ್ಯಾಕ್ಸೊಫೋನ್ ಪೂರ್ತಿ ಹಿತ್ತಾಳೆಯದ್ದಲ್ವಾ? ಅದನ್ನು ಕ್ಲಾರಿನೆಟ್ ಜೊತೆ ಯಾಕೆ ಸೇರಿಸ್ತೀರಿ?

ರೀಡ್ (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) ಇಟ್ಟು ಊದುವುದರಿಂದ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡಾಗಿನಿಂದ ಇದು ಕ್ಲಾರಿನೆಟ್, ಫ್ಲೂಟ್ ಇರುವ ವುಡ್‌ವಿಂಡ್ ಗುಂಪಿನಲ್ಲೇ ಇದೆ. ಕೀ, ಪ್ಯಾಡ್, ಸ್ಪ್ರಿಂಗ್, ರಾಡ್ ಎಲ್ಲದರ ಜೋಡಣೆಯೂ ಹೆಚ್ಚುಕಡಿಮೆ ಕ್ಲಾರಿನೆಟ್ ತರಹವೇ, ಸೈಜ್ ದೊಡ್ಡದು.

ನಮ್ಮಲ್ಲಿ ಈ ಪ್ರಶ್ನೆ ಕೇಳುವವರಲ್ಲಿ ಸ್ಯಾಕ್ಸ್‌ನವರೇ ಹೆಚ್ಚು. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೂ ಒಯ್ದರು. ಈಗ ದಕ್ಷಿಣ ಕನ್ನಡ, ಉಡುಪಿ ಕಡೆ ಮದುವೆ, ದೇವಸ್ಥಾನದ ಉತ್ಸವ, ಕೋಲ ಎಲ್ಲಿ ಹೋದರೂ ಸ್ಯಾಕ್ಸೊಫೋನ್ ಇದೆ. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ವಾದಕರ ಬೆವರು. ಹಿತ್ತಾಳೆಗೆ ಇದಕ್ಕಿಂತ ಕಷ್ಟದ ಜಾಗ ಸಿಗಲಿಕ್ಕಿಲ್ಲ.

ನನ್ನ ಕೀ ಯಾವ ಲೋಹದ್ದು ಅಂತ ಹೇಗೆ ಗೊತ್ತಾಗುತ್ತೆ?

ಇದು ಮೊದಲು ಗೊತ್ತಾಗಬೇಕು. ಉಳಿದದ್ದೆಲ್ಲ ಆಮೇಲೆ.

ಕ್ಲಾರಿನೆಟ್ ಕೀಗಳ ಒಳಗಿನ ಲೋಹ ಸಾಮಾನ್ಯವಾಗಿ ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಸೇರಿದ ಮಿಶ್ರಲೋಹ ಅದು, ಒಳಗೆ ಬೆಳ್ಳಿ ಒಂದು ಗುಂಜಿಯೂ ಇರುವುದಿಲ್ಲ. ಅದರ ಮೇಲೆ ನಿಕ್ಕಲ್ ಅಥವಾ ಬೆಳ್ಳಿಯ ಲೇಪ. ಕಲಿಯುವವರ ವಾದ್ಯಕ್ಕೆ ಹೆಚ್ಚಾಗಿ ನಿಕ್ಕಲ್, ದುಬಾರಿ ವಾದ್ಯಕ್ಕೆ ಹೆಚ್ಚಾಗಿ ಬೆಳ್ಳಿ. ಫ್ಲೂಟ್‌ನಲ್ಲಿ ಬೆಳ್ಳಿ ಲೇಪವೇ ಸಾಮಾನ್ಯ, ದುಬಾರಿಯವು ನೂರಕ್ಕೆ 92.5 ಭಾಗ ಬೆಳ್ಳಿ ಇರುವ ಸ್ಟರ್ಲಿಂಗ್‌ನವು. ಸ್ಯಾಕ್ಸ್ ಬಹುತೇಕ ಹಿತ್ತಾಳೆ, ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಅಥವಾ ಚಿನ್ನದ ಬಣ್ಣದ ಪೇಂಟು.

ಕಣ್ಣಲ್ಲೇ ಗುರುತಿಸಬಹುದು. ಬೆಳ್ಳಿ ಮೊದಲು ಹಳದಿಯಾಗುತ್ತೆ, ಆಮೇಲೆ ಕಂದು, ಕೊನೆಗೆ ಕಪ್ಪು. ನಿಕ್ಕಲ್ ಕಪ್ಪಾಗುವುದಿಲ್ಲ, ಮಂಕಾಗುತ್ತೆ, ಬೂದು ಬಣ್ಣದ ಮಬ್ಬು ಕವಿದಂತೆ. ಹೊಸದರಲ್ಲೂ ನಿಕ್ಕಲ್‌ನ ಹೊಳಪು ಬೆಳ್ಳಿಯಷ್ಟು ಅಚ್ಚ ಬಿಳಿ ಇರುವುದಿಲ್ಲ. ಲ್ಯಾಕರ್ ಗಟ್ಟಿ ಇರುವ ಕಡೆ ಹಿತ್ತಾಳೆಗೆ ಏನೂ ಆಗಿರುವುದಿಲ್ಲ. ಅದು ಸವೆದ ಕಡೆ, ಅಂದರೆ ಹೆಬ್ಬೆರಳು ಕೂರುವಲ್ಲಿ, ಅಂಗೈ ತಾಗುವಲ್ಲಿ, ಕಂದು ಕಲೆ ಕಾಣುತ್ತೆ.

ಪೆಟ್ಟಿಗೆಯೊಳಗೇ ಇಟ್ಟಿದ್ದೆ, ಆದರೂ ಕಪ್ಪಾಯಿತು. ಯಾಕೆ?

ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಗಾಳಿಯಲ್ಲಿರುವ ಹೈಡ್ರೊಜನ್ ಸಲ್ಫೈಡ್ ಒಂಚೂರು ಸಿಕ್ಕಿದರೂ ಬೆಳ್ಳಿ ಅದನ್ನು ಹಿಡಿದುಕೊಂಡು ಸಿಲ್ವರ್ ಸಲ್ಫೈಡ್ ಆಗುತ್ತೆ. ತೇವ ಇದ್ದರೆ ಈ ಕೆಲಸ ಇನ್ನೂ ಬೇಗ.

ಈ ಗಂಧಕ ಎಲ್ಲಿಂದ ಬರುತ್ತೆ ಅಂತ ಹುಡುಕಿದರೆ ಮನೆ ತುಂಬಾ ಇದೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಇಂಗು. ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಸಿಲಿಂಡರಿಗೆ ಸೇರಿಸುವ ವಾಸನೆಯೂ ಗಂಧಕದ್ದೇ. ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್. ಹಾಗಾಗಿ ಕೀ ಅಲುಗಾಡದಿರಲಿ ಅಂತ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಸುತ್ತಿದ ಜಾಗದಲ್ಲೇ ಸರಿಯಾಗಿ ಕಪ್ಪು ಗೆರೆ ಬರುತ್ತೆ. ಉತ್ಸವದಲ್ಲಿ ಕದಿನ ಮದ್ದು ಸಿಡಿದ ಮೇಲೆ ಕೊಳೆತ ಮೊಟ್ಟೆಯ ನಾತ ಬರುತ್ತಲ್ಲ, ಅದೂ ಇದೇ ಅನಿಲ. ರಾತ್ರಿಯಿಡೀ ಆ ಹೊಗೆಯಲ್ಲಿ ನುಡಿಸಿದ ಬೆಳ್ಳಿ ವಾದ್ಯವನ್ನು ಒರೆಸದೆ ಮುಚ್ಚಿಟ್ಟರೆ ಕಪ್ಪಾಗದೆ ಇನ್ನೇನಾಗುತ್ತೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕರಿ ಬಣ್ಣದ ಮೌತ್‌ಪೀಸ್ ಬಹುತೇಕ ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಅದರ ಮೇಲೆ ಬೆಳ್ಳಿಯ ಲಿಗೇಚರ್ (ರೀಡನ್ನು ಬಿಗಿಯುವ ಪಟ್ಟಿ) ಸದಾ ಹಾಕಿಯೇ ಇಟ್ಟರೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಆ ಲಿಗೇಚರ್. ಮೌತ್‌ಪೀಸನ್ನು ಒಂದು ಬಟ್ಟೆ ಚೀಲದಲ್ಲಿ ಬೇರೆಯಾಗಿ ಇಡಿ.

ಸರ್, ದೇವರ ದೀಪ ಬೆಳಗುವ ಹಾಗೆ ಹುಣಸೆಹುಳಿ ಹಾಕಿ ಬೆಳಗಿದರೆ?

ದೀಪದ ಮೈ ಗಟ್ಟಿ ಹಿತ್ತಾಳೆ, ಬೆಳಗಿದಷ್ಟೂ ಹೊಳೆಯುತ್ತೆ, ನೂರು ವರ್ಷ ಬೆಳಗಿದರೂ ಅದಕ್ಕೇನೂ ಆಗಲ್ಲ. ಕೀಯ ಮೇಲಿನ ಲೇಪ ಹಾಗಲ್ಲ. ಅದರ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅದು. ಪ್ರತಿ ಸಲ ತಿಕ್ಕಿದಾಗಲೂ ಅದರಲ್ಲಿ ಒಂಚೂರು ಹೋಗುತ್ತೆ. ಒಂದು ದಿನ ಬೆರಳಿನ ಜಾಗದಲ್ಲಿ ಒಳಗಿನ ಲೋಹ ಇಣುಕುತ್ತೆ, ಅಲ್ಲಿಗೆ ಮುಗಿಯಿತು. ಮತ್ತೆ ಲೇಪ ಹಾಕಿಸಬೇಕು ಅಂದರೆ ಪೂರ್ತಿ ವಾದ್ಯ ಬಿಚ್ಚಬೇಕು.

ಹುಣಸೆಹುಳಿ, ನಿಂಬೆಹುಳಿಯ ಇನ್ನೊಂದು ತೊಂದರೆ ಏನಂದರೆ ಅವು ಹಿತ್ತಾಳೆಯ ಹತ್ತಿರ ನಿಲ್ಲುವುದಿಲ್ಲ. ಹುಳಿನೀರು ಪೋಸ್ಟಿನ (ಕೀಯ ರಾಡನ್ನು ಹಿಡಿದಿಡುವ ಸಣ್ಣ ಕಂಬ) ಸಂದಿಗೆ ಇಳಿದು ಒಳಗಿನ ಉಕ್ಕಿನ ರಾಡಿಗೆ, ಸೂಜಿ ಸ್ಪ್ರಿಂಗಿಗೆ ತುಕ್ಕು ಹಿಡಿಸುತ್ತೆ.

ಬ್ರಾಸೊ, ಪಿತಾಂಬರಿ, ಟೂತ್‌ಪೇಸ್ಟ್, ವಿಭೂತಿ? ಇದರಲ್ಲಿ ಯಾವುದಾದರೂ ಪರವಾಗಿಲ್ವಾ?

ವಾದ್ಯದ ಮೇಲೆ ಯಾವುದೂ ಬೇಡ. ಬ್ರಾಸೊದಲ್ಲಿ ಉಜ್ಜುವ ಪುಡಿಯೂ ಇದೆ, ಅಮೋನಿಯಾವೂ ಇದೆ. ಲ್ಯಾಕರ್ ಮೇಲೆ ಹಾಕಿದರೆ ಲ್ಯಾಕರ್ ಮಸುಕಾಗಿ ಸವೆಯುತ್ತೆ, ಕೆಳಗಿನ ಹಿತ್ತಾಳೆ ಬಯಲಾಗಿ ಮುಂದೆ ಇನ್ನೂ ಬೇಗ ಕಪ್ಪಾಗುತ್ತೆ. ಪಾತ್ರೆ ತಿಕ್ಕುವ ಪುಡಿಗಳು ಗೀರು ಎಳೆಯುತ್ತವೆ. ಟೂತ್‌ಪೇಸ್ಟ್ ಕೂಡ ಉಜ್ಜುವ ವಸ್ತುವೇ, ಜೊತೆಗೆ ಸಂದಿಯಲ್ಲಿ ಒಣಗಿ ಬಿಳಿ ಗಾರೆ ಆಗುತ್ತೆ. ವಿಭೂತಿ ಇವುಗಳಲ್ಲೆಲ್ಲ ಮೃದು, ಬೆಳ್ಳಿ ಕುಂಕುಮಭರಣಿಗೆ ಚೆನ್ನಾಗಿಯೇ ಇದೆ, ಆದರೆ ಆ ಪುಡಿ ಕೀಯ ಎಣ್ಣೆಗೆ ಸೇರಿದರೆ ಅರೆಯುವ ಪೇಸ್ಟ್ ಆಗಿ ರಾಡನ್ನೇ ಸವೆಸುತ್ತೆ.

ಬೆಳ್ಳಿ ಅದ್ದಿ ತೆಗೆಯುವ ಡಿಪ್ ದ್ರಾವಣಗಳೂ ಬೇಡ. ಅವುಗಳಲ್ಲಿ ಆಮ್ಲ ಇರುತ್ತೆ. ಒಂದು ಹನಿ ಪ್ಯಾಡಿಗೆ ಬಿದ್ದರೂ ಪ್ಯಾಡ್ ಗೋವಿಂದ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು?

ಒರೆಸಬಹುದು. ಸರಿಯಾಗಿ ಒರೆಸುವುದರಲ್ಲೇ ಮುಕ್ಕಾಲು ಕೆಲಸ ಆಗುತ್ತೆ.

ಮೊದಲು ಧೂಳು. ಮೆತ್ತಗಿನ ಪೇಂಟ್ ಬ್ರಷ್ ತಗೊಳ್ಳಿ, ಮಕ್ಕಳು ಚಿತ್ರ ಬಿಡಿಸುವಂಥದ್ದು. ರಾಡ್‌ಗಳ ಕೆಳಗೆ, ಪೋಸ್ಟ್‌ಗಳ ಬುಡದಲ್ಲಿ ಸೇರಿರುವ ಧೂಳನ್ನು ನಿಧಾನಕ್ಕೆ ಹೊರಗೆ ಎಳೆಯಿರಿ. ಧೂಳು ಇದ್ದಂತೆಯೇ ಒರೆಸಿದರೆ ಅದೇ ಉಪ್ಪುಕಾಗದದ ಕೆಲಸ ಮಾಡುತ್ತೆ.

ಆಮೇಲೆ ಜಿಡ್ಡು. ಮೈಕ್ರೊಫೈಬರ್ ಬಟ್ಟೆ ಅಥವಾ ಒಗೆದು ಒಗೆದು ಮೆತ್ತಗಾದ ಹಳೇ ಬನಿಯನ್. ಅದರ ತುದಿಯನ್ನು ನೀರಲ್ಲಿ ಅದ್ದಿ ಗಟ್ಟಿ ಹಿಂಡಿ, ಕೈಗೆ ಒದ್ದೆ ತಾಗಬಾರದು, ತಂಪು ಮಾತ್ರ ತಾಗಬೇಕು. ಅದರಿಂದ ಬೆರಳು ತಾಗುವ ಜಾಗ ಒರೆಸಿ ಕೂಡಲೇ ಒಣ ಬಟ್ಟೆಯಿಂದ ಒರೆಸಿ. ಕೀ ಒತ್ತುವಾಗ ಅದು ಯಾವ ದಿಕ್ಕಿಗೆ ಚಲಿಸುತ್ತೋ ಅದೇ ದಿಕ್ಕಿಗೆ ಒತ್ತಬೇಕು, ಅಡ್ಡಕ್ಕೆ ತಳ್ಳಿದರೆ ಉದ್ದನೆಯ ಕೀಗಳು ಸಲೀಸಾಗಿ ಬಾಗುತ್ತವೆ. ಕ್ಲಾರಿನೆಟ್‌ನ ಕಿರುಬೆರಳಿನ ಕೀಗಳು ಇದರಲ್ಲಿ ತುಂಬಾ ನಾಜೂಕು.

ಕಪ್ಪು ಇನ್ನೂ ಇದ್ದರೆ, ಮತ್ತು ಲೇಪ ಬೆಳ್ಳಿಯದೇ ಅಂತ ಖಾತ್ರಿ ಇದ್ದರೆ, ಬೆಳ್ಳಿಗೆಂದೇ ಮಾಡಿದ ಪಾಲಿಶ್ ಬಟ್ಟೆ ಸಿಗುತ್ತೆ. ಪಾಲಿಶ್ ಅದರ ನೂಲಿನಲ್ಲೇ ಇರುತ್ತೆ, ದ್ರವ ಏನೂ ಬೇಡ. ಹಗುರವಾಗಿ ನಾಲ್ಕು ಸಲ ಎಳೆಯಿರಿ, ಬಟ್ಟೆಗೆ ಕಪ್ಪು ಹತ್ತುವುದು ಕಾಣುತ್ತೆ. ಅಷ್ಟಕ್ಕೆ ಬಿಡಿ. ಸಂದಿಯ ಕಪ್ಪನ್ನೂ ತೆಗೆಯಲೇಬೇಕು ಅಂತ ಹಠ ಹಿಡಿಯುವುದು ಬೇಡ, ಎರಡಡಿ ದೂರದಲ್ಲಿ ಕೂತವರಿಗೆ ಅದು ಕಾಣುವುದೂ ಇಲ್ಲ. ಈ ಬಟ್ಟೆಯನ್ನು ಒಗೆಯಬೇಡಿ, ಒಗೆದರೆ ಅದರ ಶಕ್ತಿ ಹೋಯಿತು. ಹಾಗೆಯೇ ಅದನ್ನು ಲ್ಯಾಕರ್ ಇರುವ ಸ್ಯಾಕ್ಸ್ ಮೇಲೆ ಬಳಸಬೇಡಿ. ಲ್ಯಾಕರ್‌ಗೆ ಪಾಲಿಶ್ ಇಲ್ಲದ ಮೆತ್ತನೆ ಬಟ್ಟೆಯೇ ಸಾಕು. ಚಿನ್ನದ ಲೇಪಕ್ಕೂ ಅಷ್ಟೇ.

ರಾಡ್‌ಗಳ ಕೆಳಗೆ ಬೆರಳು ಹೋಗಲ್ಲ. ಅಲ್ಲಿಗೆ ಹೇಗೆ?

ಹಳೇ ಪಂಚೆಯಿಂದ ಬೆರಳಗಲದ ಉದ್ದನೆ ಪಟ್ಟಿ ಹರಿದುಕೊಳ್ಳಿ. ಅಂಚಿನ ನೂಲೆಲ್ಲ ಕಿತ್ತು ಹಾಕಿ, ಇಲ್ಲದಿದ್ದರೆ ಒಂದು ನೂಲು ಹೋಗಿ ಸ್ಪ್ರಿಂಗಿಗೆ ಸುತ್ತಿಕೊಳ್ಳುತ್ತೆ. ಪಟ್ಟಿಯನ್ನು ರಾಡ್ ಕೆಳಗೆ ತೂರಿಸಿ ಎರಡೂ ತುದಿ ಹಿಡಿದು ಆಚೆ ಈಚೆ ಎಳೆಯಿರಿ. ಎಳೆಯುವ ಮೊದಲು ಅಲ್ಲಿ ಸೂಜಿ ಸ್ಪ್ರಿಂಗ್ ಎಲ್ಲಿದೆ ಅಂತ ಟಾರ್ಚ್ ಬಿಟ್ಟು ನೋಡಿ. ಪೋಸ್ಟಿನಿಂದ ಹೊರಟು ಕೀಯ ಸಣ್ಣ ಕೊಕ್ಕೆಗೆ ಒರಗಿರುವ ನೀಲಿಗಪ್ಪು ಬಣ್ಣದ ತೆಳು ಉಕ್ಕಿನ ಸೂಜಿ ಅದು. ಬಟ್ಟೆ ಸಿಕ್ಕಿಕೊಂಡು ಕೊಕ್ಕೆಯಿಂದ ಜಾರಿದರೆ ಕೀ ಸುಮ್ನೆ ಜೋಲುತ್ತೆ. ಗಾಬರಿ ಬೇಡ, ಕ್ರೋಶಾ ಕಡ್ಡಿಯ ತುದಿಯಿಂದ ಮೆಲ್ಲಗೆ ಎಳೆದು ಮತ್ತೆ ಕೊಕ್ಕೆಗೆ ಕೂರಿಸಬಹುದು. ಆ ಸೂಜಿಯ ತುದಿ ಬೆರಳಿಗೂ ಚುಚ್ಚುತ್ತೆ, ಜೋಪಾನ.

ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರಿನ ವಿಡಿಯೊ ನೋಡಿದೆ. ಅದು ಸುಳ್ಳಾ?

ಸುಳ್ಳಲ್ಲ, ಅದು ಶುದ್ಧ ರಸಾಯನಶಾಸ್ತ್ರ. ಬೆಳ್ಳಿ ಹಿಡಿದಿಟ್ಟುಕೊಂಡ ಗಂಧಕವನ್ನು ಅಲ್ಯೂಮಿನಿಯಂ ಎಳೆದುಕೊಳ್ಳುತ್ತೆ, ಕಪ್ಪಾಗಿದ್ದದ್ದು ಮತ್ತೆ ಬೆಳ್ಳಿಯೇ ಆಗುತ್ತೆ. ತಿಕ್ಕುವುದಕ್ಕೆ ಹೋಲಿಸಿದರೆ ಇಲ್ಲಿ ಲೋಹ ಸವೆಯುವುದು ಕಡಿಮೆ. ಬೆಳ್ಳಿ ಚಮಚಕ್ಕೆ ಖಂಡಿತ ಮಾಡಿ.

ಕೀಗೆ ಮಾಡಬೇಕಾದರೆ ಮಾತ್ರ ಅದರ ಪ್ಯಾಡ್, ಕಾರ್ಕ್, ಸ್ಪ್ರಿಂಗ್, ಫೆಲ್ಟ್ ಎಲ್ಲ ತೆಗೆದು ಬರೀ ಲೋಹ ಉಳಿಸಿಕೊಂಡಿರಬೇಕು. ಕ್ಲಾರಿನೆಟ್, ಸ್ಯಾಕ್ಸ್ ಪ್ಯಾಡ್‌ಗಳನ್ನು ಕೀಗೆ ಅಂಟಿಸುವುದು ಬಹಳ ಕಡೆ ಅರಗಿನಿಂದ. ಹೌದು, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. ಬಿಸಿ ತಾಗಿದರೆ ಅದು ಮೆತ್ತಗಾಗಿ ಪ್ಯಾಡ್ ಜರುಗುತ್ತೆ. ಕೂದಲೆಳೆಯಷ್ಟು ಜರುಗಿದರೂ ಗಾಳಿ ಸೋರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವಾದ್ಯ ಬಿಡಬೇಡಿ ಅನ್ನುವುದಕ್ಕೂ ಇದು ಒಂದು ಕಾರಣ. ನಿಕ್ಕಲ್‌ಗೆ, ಲ್ಯಾಕರ್ ಹಿತ್ತಾಳೆಗೆ ಈ ಫಾಯಿಲ್ ಉಪಾಯ ಪ್ರಯೋಜನ ಇಲ್ಲ.

ಎಲ್ಲ ಕೀ ಬಿಚ್ಚಿ ತಿಕ್ಕಿ ಮತ್ತೆ ಹಾಕಲಾ? ಸ್ಕ್ರೂಡ್ರೈವರ್ ಇದೆ.

ಸ್ಕ್ರೂಡ್ರೈವರ್ ಎಲ್ಲರ ಹತ್ತಿರವೂ ಇದೆ! ಬಿಚ್ಚುವುದು ಸುಲಭ. ಸ್ಯಾಕ್ಸ್‌ನಲ್ಲಿ ಒಂದು ಕೀಯ ಮೇಲೆ ಇನ್ನೊಂದು ಕೀ ಕೂತಿರುತ್ತೆ, ಯಾವುದನ್ನು ಮೊದಲು ತೆಗೆದಿರಿ ಅನ್ನೋದು ಮರೆತರೆ ವಾಪಸ್ ಹಾಕುವಾಗ ಅಳು ಬರುತ್ತೆ.

ಆದರೂ ಮಾಡುತ್ತೇನೆ ಅನ್ನುವವರಿಗೆ: ಹಳೆಯ, ಹೋದರೂ ಬೇಜಾರಿಲ್ಲದ ವಾದ್ಯದಲ್ಲಿ ಕಲಿಯಿರಿ. ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೊ ತೆಗೀರಿ. ಒಂದು ಥರ್ಮೊಕೋಲ್ ಹಲಗೆ ಇಟ್ಟುಕೊಂಡು ಅದರ ಮೇಲೆ ವಾದ್ಯದ ಚಿತ್ರ ಗೀಚಿ, ತೆಗೆದ ರಾಡ್ ಮತ್ತು ಸ್ಕ್ರೂ ಎಲ್ಲ ಅದದರ ಜಾಗದಲ್ಲಿ ಚುಚ್ಚಿಡಿ. ಎರಡು ರಾಡ್ ಒಂದೇ ಉದ್ದ ಕಂಡರೂ ಒಂದೇ ಅಲ್ಲ. ಸ್ಕ್ರೂಡ್ರೈವರಿನ ಬಾಯಿ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು, ಸಡಿಲ ಇದ್ದರೆ ಸ್ಕ್ರೂ ತಲೆ ಸವೆದು ಮುಂದೆ ಯಾರಿಗೂ ಬಿಚ್ಚಲಾಗುವುದಿಲ್ಲ. ಪಾಲಿಶ್ ಕ್ರೀಮ್ ಹಾಕುವುದಿದ್ದರೆ ಪ್ಯಾಡಿನಿಂದ ದೂರದ ಭಾಗಕ್ಕೆ ಮಾತ್ರ, ರಾಡ್ ತೂರುವ ಟೊಳ್ಳು ಕೊಳವೆಯೊಳಗೆ ಹೋದದ್ದನ್ನು ಕಡ್ಡಿಗೆ ಸುತ್ತಿದ ಹತ್ತಿಯಿಂದ ಪೂರ್ತಿ ತೆಗೆದು ಆಮೇಲೆ ಜೋಡಿಸಿ.

ಫ್ಲೂಟ್‌ನವರು ದಯವಿಟ್ಟು ಬಿಚ್ಚಬೇಡಿ. ಅದರ ಪ್ಯಾಡ್ ಕೆಳಗೆ ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನು ಒಂದೊಂದಾಗಿ ಇಟ್ಟು ಮಟ್ಟ ಮಾಡಿರುತ್ತಾರೆ. ಅದು ವರ್ಷಗಟ್ಟಲೆ ಕೆಲಸ ಕಲಿತವರ ಕೈಗೆ ಮಾತ್ರ.

ನಿಕ್ಕಲ್ ಮಂಕಾಗಿದೆ, ಎಷ್ಟು ಒರೆಸಿದರೂ ಹೊಳಪು ಬರ್ತಿಲ್ಲ.

ಬರಲ್ಲ. ನಿಕ್ಕಲ್‌ನ ಮಬ್ಬು ಬೆಳ್ಳಿಯ ಕಪ್ಪಿನಷ್ಟು ಸುಲಭಕ್ಕೆ ಬಿಡುವುದಿಲ್ಲ, ಬೆಳ್ಳಿಯ ಬಟ್ಟೆಯಿಂದಲೂ ಅಷ್ಟಕ್ಕಷ್ಟೇ. ಮದುವೆ ಬ್ಯಾಂಡಿನ ಹಳೇ ಕ್ಲಾರಿನೆಟ್‌ಗಳಲ್ಲಿ ಇದು ಸಾಮಾನ್ಯ. ಜಿಡ್ಡು ತೆಗೆದು ಹಾಗೇ ನುಡಿಸಿ. ಆದರೆ ಲೇಪ ಎದ್ದು ಚೂರು ಚೂರಾಗಿ ಸುಲಿಯುತ್ತಿದ್ದರೆ ಅದರ ಅಂಚು ಬೆರಳು ಕೊಯ್ಯಬಹುದು, ಅದನ್ನು ತೋರಿಸಿ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕೀ ತಾಗುವಲ್ಲಿ ಮಾತ್ರ ತುರಿಕೆ, ಕೆಂಪು ಗುಳ್ಳೆ ಬರುತ್ತಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ, ಕೀ ಯಾವ ಲೋಹದ್ದು ಎಂದು ಅವರಿಗೆ ಹೇಳಿ.

ಹಸಿರು ಕಿಲುಬು ಬಂದಿದೆ. ಅಪಾಯನಾ?

ತಾಮ್ರ ಇರುವ ಲೋಹಕ್ಕೆ ತೇವ, ಬೆವರು, ಎಂಜಲು ಸೇರಿದರೆ ಕಿಲುಬು ಬಂದೇ ಬರುತ್ತೆ. ಸ್ಯಾಕ್ಸ್‌ನ ನೆಕ್ (ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆ) ಒಳಗೆ, ತೂತುಗಳ ಅಂಚಿನಲ್ಲಿ, ಪೋಸ್ಟ್ ಬುಡದಲ್ಲಿ ನೋಡಿ. ಬಾಯಿಗೆ ಹೋಗಬಾರದ ವಸ್ತು ಅದು. ಕೆರೆದು ಪುಡಿ ಎಬ್ಬಿಸಬೇಡಿ, ತಂಪು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಕೈ ತೊಳೆಯಿರಿ. ನೆಕ್‌ನಲ್ಲಿ ಕೀ ಒಂದೇ ಇರುವುದರಿಂದ, ಅದನ್ನು ಒದ್ದೆ ಮಾಡದೆ, ಒಳಭಾಗವನ್ನು ಉಗುರುಬೆಚ್ಚಗಿನ ಸೋಪುನೀರು ಮತ್ತು ಬಾಟಲ್ ಬ್ರಷ್‌ನಿಂದ ತೊಳೆಯಬಹುದು. ಕಾರ್ಕ್ ಒಣಗಿಸಿ ಆಮೇಲೆ ಗ್ರೀಸ್ ಹಚ್ಚಿ.

ಹಸಿರಿಗಿಂತ ಹೆದರಬೇಕಾದದ್ದು ಗುಲಾಬಿ ಚುಕ್ಕೆಗೆ. ಹಿತ್ತಾಳೆಯಿಂದ ಸತು ಕರಗಿ ಹೋಗಿ ಬರೀ ತಾಮ್ರ ಉಳಿದಾಗ ಹಾಗೆ ಕಾಣುತ್ತೆ. ಅದು ಒಳಗಿನಿಂದ ತಿನ್ನುತ್ತಾ ಬಂದಿರುವುದರಿಂದ ಯಾವ ಪಾಲಿಶ್‌ಗೂ ಹೋಗುವುದಿಲ್ಲ, ತಿಕ್ಕಿದರೆ ಅಲ್ಲಿ ತಗಡು ಇನ್ನೂ ತೆಳುವಾಗುತ್ತೆ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒಣಗಿಸುವುದೇ ಇದಕ್ಕೆ ಔಷಧಿ.

ಒರೆಸಿದ ಮೇಲೆ ಕೀ ಬಿಗಿಯಾಗಿದೆ. ತೆಂಗಿನೆಣ್ಣೆ ಬಿಡಲಾ?

ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತೆ, ಹಳತಾದರೆ ಅಂಟಾಗುತ್ತೆ. ಬೇಡ. ಕೀ ಆಯಿಲ್ ಸಿಕ್ಕರೆ ಉತ್ತಮ, ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತೆ. ಸೂಜಿಯ ತುದಿಯಲ್ಲಿ ಒಂದು ಹನಿ ಎತ್ತಿ ಪೋಸ್ಟ್ ಮತ್ತು ಕೊಳವೆ ಸೇರುವ ಗೆರೆಗೆ ಮುಟ್ಟಿಸಿ, ಅದು ತಾನಾಗಿ ಒಳಗೆ ಹೋಗುತ್ತೆ. ಕೀಯನ್ನು ಹತ್ತಾರು ಸಲ ಆಡಿಸಿ, ಹೊರಗೆ ಬಂದ ಎಣ್ಣೆ ಒರೆಸಿ. ಪ್ಯಾಡಿಗೆ ತಾಗಬಾರದು. ಡಬ್ಲ್ಯುಡಿ-40 ಸಿಂಪಡಿಸಲೇಬೇಡಿ, ಅದು ಪ್ಯಾಡಿಗೂ ಹೋಗುತ್ತೆ, ಕ್ಲಾರಿನೆಟ್ ಮರಕ್ಕೂ ಹೋಗುತ್ತೆ. ಎಣ್ಣೆ ಹಾಕಿದರೂ ಬಿಗಿ ಇದ್ದರೆ ಒಳಗೆ ಪಾಲಿಶ್ ಗಾರೆ ಕೂತಿದೆ ಅಥವಾ ರಾಡ್ ಬಾಗಿದೆ.

ಮತ್ತೆ ಕಪ್ಪಾಗದ ಹಾಗೆ ಏನು ಮಾಡೋದು?

ಕೈ ತೊಳೆದು ನುಡಿಸಿ. ಮದುವೆಯಲ್ಲಿ ಊಟ ಮುಗಿಸಿ ನೇರ ವೇದಿಕೆಗೆ ಹೋಗುವವರು, ಬೆರಳಲ್ಲಿ ಕುಂಕುಮ ಗಂಧ ಇರುವವರು, ಇದು ನಿಮಗೇ. ನುಡಿಸಿದ ಮೇಲೆ ಬೆವರು ಒರೆಸದೆ ಪೆಟ್ಟಿಗೆ ಮುಚ್ಚಬೇಡಿ, ಎಷ್ಟೇ ಸುಸ್ತಾಗಿದ್ದರೂ. ಒದ್ದೆ ಬಟ್ಟೆಯನ್ನು ಪೆಟ್ಟಿಗೆಯೊಳಗೇ ತುರುಕುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು.

ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಮರದ ಕ್ಲಾರಿನೆಟ್ ಇದ್ದರೆ ಮಳೆಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅತಿಯಾಗಿ ಒಣಗಿದರೆ ಮರ ಬಿರಿಯುತ್ತೆ. ಗಂಧಕ ಹೀರುವ ಆಂಟಿ ಟಾರ್ನಿಶ್ ಕಾಗದದ ಪಟ್ಟಿ ಸಿಗುತ್ತೆ, ಬೆಳ್ಳಿಗೆ ಒಳ್ಳೆಯದು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ನುಸಿಗುಳಿಗೆ ಬೇಡವೇ ಬೇಡ, ಅದೇ ಪೆಟ್ಟಿಗೆಯಲ್ಲಿರುವ ರೀಡನ್ನು ನೀವು ಬಾಯಿಗೆ ಇಟ್ಟುಕೊಳ್ಳುತ್ತೀರಿ.

ಅಜ್ಜನ ಕಾಲದ ವಾದ್ಯ ಇದೆ. ಹೊಸದರ ಹಾಗೆ ಮಾಡಿಸಲಾ?

ಬೇಡ ಅಂತ ನನ್ನ ಅಭಿಪ್ರಾಯ. ಹಳೇ ಸ್ಯಾಕ್ಸ್ ಕೊಳ್ಳುವವರು ಸವೆದ ಮೂಲ ಲ್ಯಾಕರನ್ನೇ ಇಷ್ಟಪಡುತ್ತಾರೆ. ಹೊಸ ಲ್ಯಾಕರ್ ಹಾಕುವ ಮೊದಲು ಮೋಟಾರ್ ಚಕ್ರಕ್ಕೆ ಹಿಡಿದು ಬಫ್ ಮಾಡುತ್ತಾರೆ, ಆಗ ಬೆಲ್ (ಕೆಳಗಿನ ಅಗಲ ಬಾಯಿ) ಮೇಲಿನ ಕೆತ್ತನೆ ಅಳಿಸಿ ಮಸುಕಾಗುತ್ತೆ, ತೂತಿನ ಅಂಚು ತೆಳುವಾಗುತ್ತೆ, ಬೆಲೆಯೂ ಇಳಿಯುತ್ತೆ. ಪ್ಯಾಡ್, ಸ್ಪ್ರಿಂಗ್, ಕಾರ್ಕ್ ಬದಲಿಸಿ ನುಡಿಸುವ ಸ್ಥಿತಿಗೆ ತನ್ನಿ, ಮೈಬಣ್ಣ ಹಾಗೇ ಇರಲಿ.

ರಿಪೇರಿಯವರ ಹತ್ತಿರ ಕೊಡುವಾಗ ಏನು ಹೇಳಬೇಕು?

"ಪಾಲಿಶ್ ಮಾಡಿ" ಅಂತ ಮಾತ್ರ ಹೇಳಬೇಡಿ. ಕ್ಲೀನ್ ಮಾಡಿ, ಎಣ್ಣೆ ಹಾಕಿ, ಪ್ಯಾಡ್ ಸೋರುತ್ತಾ ನೋಡಿ ಅಂತ ಹೇಳಿ. ಬಫ್ ಬೇಡ ಅಂತ ಚೀಟಿಯಲ್ಲಿ ಬರೆಸಿ. ಪಾತ್ರೆಗೆ ಪಾಲಿಶ್ ಹಾಕುವ ಅಂಗಡಿಗೆ ಕೊಡಲೇಬೇಡಿ, ಅವರ ಕೆಲಸ ಎಷ್ಟೇ ಚೆನ್ನಾಗಿರಲಿ, ಅವರಿಗೆ ಕೀಯ ಲೆಕ್ಕ ಗೊತ್ತಿರುವುದಿಲ್ಲ. ವಾಪಸ್ ತಗೊಳ್ಳುವಾಗ ಹೊಳಪು ನೋಡುವ ಮೊದಲು ಅಲ್ಲೇ ಕೂತು ಮೇಲಿನಿಂದ ಕೆಳಗಿನ ಸ್ವರದವರೆಗೆ ನಿಧಾನಕ್ಕೆ ನುಡಿಸಿ. ಆಮೇಲೆ ಸಿಗರೇಟ್ ಕಾಗದದ ಒಂದು ಚೂರನ್ನು ಪ್ಯಾಡ್ ಕೆಳಗಿಟ್ಟು ಕೀಯನ್ನು ಹಗುರವಾಗಿ ಮುಚ್ಚಿ ಎಳೆಯಿರಿ. ಸುತ್ತಲೂ ನಾಲ್ಕು ಕಡೆ ಹೀಗೆ ಮಾಡಿ. ಎಲ್ಲ ಕಡೆ ಒಂದೇ ತರಹ ಹಿಡಿದರೆ ದುಡ್ಡು ಕೊಟ್ಟು ಬನ್ನಿ. ಯಾವುದಾದರೂ ಒಂದು ಕಡೆ ಕಾಗದ ಸುಮ್ನೆ ಜಾರಿ ಬಂದರೆ ಅವರ ಎದುರಿಗೇ ತೋರಿಸಿ, ಆಗಲೇ ಸರಿ ಮಾಡಿಸಿಕೊಳ್ಳಿ.